ಬೇಡವೆಂದದ್ದು ಇವಳನ್ನಲ್ಲ

ಜನವರಿ ೯

ಅಮ್ಮಾ,

ಇವತ್ತಿನ ಪೇಪರಿನಲ್ಲಿ ನನ್ನ ಫೋಟೋ ನೋಡಿದೆ. ಎರಡು ಜಡೆ, ಮುಂದಿನ ಹಲ್ಲು ಮಾಯ, ಕೈಯಲ್ಲಿ ಓಟದ ಪಂದ್ಯದ ಕಪ್. ಕೆಳಗೆ ದಪ್ಪಕ್ಷರದಲ್ಲಿ ನಿನ್ನ ಮಾತು: 'ಇವಳೇ ನನ್ನ ಉತ್ತರ.' ನಮ್ಮ ಕಾಂಪೌಂಡರು ಕ್ಲಿನಿಕ್ಕಿನ ಮೇಜಿನ ಮೇಲೆ ಪೇಪರು ಹರಡಿ, 'ಸಿಸ್ಟರ್, ಇದು ನೀವಾ?' ಅಂದರು. 'ಅಲ್ಲ, ಅದು ನಮ್ಮಮ್ಮನ ಉತ್ತರ. ನಾನು ಇಲ್ಲಿ ಮಾತ್ರೆ ಹಂಚೋಳು' ಅಂದೆ.

ಜಿಲ್ಲಾ ಮಂಡಳಿಯವರು ಏಪ್ರಿಲ್‌ನಿಂದ ಒಂದು ವರ್ಷ ನಮ್ಮಂಥ ಕ್ಲಿನಿಕ್ಕುಗಳಿಗೆ ಬಸಿರು ತಡೆಯುವ ಮಾತ್ರೆ, ಕಾಪರ್ ಟಿ ಒಂದನ್ನೂ ಕೊಡುವುದಿಲ್ಲವಂತೆ. ಆ ಹಣ ನಿಮ್ಮ ಅನಾಥ ಮಕ್ಕಳ ಮನೆಗೆ. ಪ್ರಸ್ತಾಪ ತಂದವರು ಮಂಡಳಿಯ ಸದಸ್ಯರಾದ ಆ ಕಂಟ್ರಾಕ್ಟರು, ಅವರ ಪಕ್ಕದಲ್ಲಿ ನಿಂತು ಭಾಷಣ ಮಾಡಿದ್ದು ಮಕ್ಕಳ ಮನೆಯ ಅಧ್ಯಕ್ಷೆ, ಅಂದರೆ ನೀನು. ಹೆಂಗಸರು ಹೆರಲಿ, ಬೇಡವಾದರೆ ತಂದುಕೊಡಲಿ, ಸಾಕುವವರು ಬೇಕಾದಷ್ಟಿದ್ದಾರೆ ಅಂದೆಯಂತೆ.

ಸಾಕಿದ್ದು ನೀನು, ನಿಜ. ಆ ಫೋಟೋ ನಿನ್ನ ಗೋಡೆಯದು, ಅದೂ ನಿಜ. ಮುಖ ಮಾತ್ರ ನನ್ನದು. ಒಂದು ಮಾತು ಕೇಳಬಾರದಿತ್ತಾ?

ನಿನ್ನ ಮಗಳು

---

ಜನವರಿ ೧೭

ಪುಟ್ಟೀ,

ಸಿಟ್ಟಿನಲ್ಲಿ ಬರೆದರೂ ನಿನ್ನ ಅಕ್ಷರ ದುಂಡಗೇ ಇದೆ. ಅಷ್ಟರಮಟ್ಟಿಗೆ ನಾನು ಟೀಚರಾಗಿದ್ದು ದಂಡವಾಗಲಿಲ್ಲ. ಫೋನ್ ಮಾಡೋಣ ಅಂದುಕೊಂಡೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡ್ತೀವಿ, ಕೇಳಿಸಿಕೊಳ್ಳೋರು ಯಾರೂ ಇರಲ್ಲ. ಪತ್ರದಲ್ಲಾದರೆ ನನ್ನ ಮಾತು ಮುಗಿಯೋ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ಫೋಟೋ ಕೊಟ್ಟಿದ್ದಕ್ಕೆ ತಪ್ಪಾಯಿತು ಅನ್ನಲ್ಲ. ನಾನು ವರ್ಷಗಟ್ಟಲೆ ಕಾದವಳು. ಆಸ್ಪತ್ರೆ, ಪರೀಕ್ಷೆ, ನೆಂಟರ ಪಿಸುಮಾತು, ಎಲ್ಲ ನುಂಗಿದವಳು. ನಿನ್ನ ಅಪ್ಪ 'ಸಾಕು ಬಿಡೇ' ಅಂದಮೇಲೂ ಕಾದೆ. ಕೊನೆಗೊಂದು ದಿನ ಇದೇ ಮಕ್ಕಳ ಮನೆಯ ಉದ್ದನೆಯ ಕೋಣೆಯ ಮೂಲೆ ತೊಟ್ಟಿಲಲ್ಲಿ ನೀನು ನನ್ನ ಬೆರಳು ಹಿಡಿದೆ. ಬಿಡಿಸಿಕೊಳ್ಳೋಕೆ ಹೋದರೆ ಕಿರುಚಿದೆ. ಆವತ್ತಿಂದ ನೀನು ಕಿರುಚೋದು ನಿಂತಿಲ್ಲ, ನಾನು ಬಿಡಿಸಿಕೊಂಡೂ ಇಲ್ಲ.

ಈಗ ಯೋಚನೆ ಮಾಡು. ನಿನ್ನನ್ನು ಹೆತ್ತವಳ ಊರಿನಲ್ಲಿ ನಿನ್ನಂಥ ಸಿಸ್ಟರೊಬ್ಬಳು ಮಾತ್ರೆಯ ಕಪಾಟು ತೆರೆದುಕೊಂಡು ಕೂತಿದ್ದರೆ ನನ್ನ ಮನೆಯಲ್ಲಿ ನೀನಿರುತ್ತಿದ್ದೆಯಾ? ಇದಕ್ಕೇನು ಹೇಳ್ತೀಯ ಹೇಳು. ನಮ್ಮ ಕಚೇರಿಯ ಬೆಂಚಿನ ಮೇಲೆ ಗಂಡ ಹೆಂಡತಿಯರು ಬಂದು ಕೂರ್ತಾರೆ. ಅವರ ಮುಖ ನೋಡಿದರೆ ನನಗೆ ನನ್ನದೇ ಮುಖ ನೋಡಿದ ಹಾಗಾಗುತ್ತೆ. ಅಲ್ಲಿ ಬೇಡವಾದ ಕೂಸು, ಇಲ್ಲಿ ಬರಿದಾದ ಮಡಿಲು. ನಡುವೆ ಒಂದು ಬಸ್ಸಿನ ದೂರ. ನಾನು ಹೇಳ್ತಿರೋದು ಇಷ್ಟೆ.

ನಿನಗೂ ಮೂವತ್ತು ದಾಟಿತು. ನಿನ್ನದೇ ಒಂದು ಮಗು ಎತ್ತಿಕೊಂಡಾಗ ಈ ಮಾತು ಅರ್ಥವಾದೀತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

---

ಫೆಬ್ರವರಿ ೨

ಅಮ್ಮಾ,

ಬಾಯಿ ಮುಚ್ಚಿಕೊಂಡೇ ಓದಿದೆ. ಈಗ ನಿನ್ನ ಸರದಿ.

ನನ್ನನ್ನು ಹೆತ್ತವಳ ಬಗ್ಗೆ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ನೀನು ಅವಳನ್ನು ವೇದಿಕೆ ಹತ್ತಿಸಿ ನಿನ್ನ ಪರ ಕೈ ಎತ್ತಿಸಿಬಿಟ್ಟೆ. ಅವಳು ಖುಷಿಯಿಂದ ಕೊಟ್ಟಳೋ, ಕಿತ್ತುಕೊಂಡರೋ, ಆಮೇಲೆ ಎಷ್ಟು ದಿನ ಎದೆ ಹಾಲು ಬಟ್ಟೆಗೆ ಹಿಂಡಿಕೊಂಡಳೋ, ಯಾರು ಕೇಳಿದಾರೆ? ನಾನು ಹುಟ್ಟಿದ್ದು ನನಗೆ ಸಂತೋಷವೇ. ಅವಳಿಗೆ ಬೇರೆ ದಾರಿ ಇರಲಿಲ್ಲ ಅನ್ನೋದಕ್ಕೆ ಸಂತೋಷಪಡು ಅಂದರೆ ನನ್ನಿಂದ ಆಗಲ್ಲ.

ಇಲ್ಲಿ ಗಿರಣಿಯಲ್ಲಿ ನೂಲು ಸುತ್ತುವ ಹೆಂಗಸೊಬ್ಬಳಿದ್ದಾಳೆ. ನಾವು ನೂಲಿನವಳು ಅಂತಲೇ ಕರೆಯೋದು. ತಲೆತುಂಬ ಹತ್ತಿಯ ಧೂಳು, ನಕ್ಕರೆ ಇಡೀ ವರಾಂಡಕ್ಕೆ ಕೇಳಬೇಕು. ಮೂರು ಮಕ್ಕಳು. ಗಂಡ ಲಾರಿಯವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ದೊಡ್ಡ ಮಗಳು ಲೆಕ್ಕದಲ್ಲಿ ತರಗತಿಗೇ ಮುಂದು ಅಂತ ಬಂದಾಗಲೆಲ್ಲ ಹೇಳ್ತಾಳೆ. ಪ್ರತಿ ತಿಂಗಳೂ ಪಾಳಿ ಮುಗಿಸಿ ಓಡಿಬಂದು ಮಾತ್ರೆ ತಗೊಂಡು ಕುಪ್ಪಸದೊಳಗೆ ಸೇರಿಸ್ತಾಳೆ. ಅಂಗಡಿಯಲ್ಲಿ ಕೊಳ್ಳಲಿ ಅಂತ ಬರೀಬೇಡ. ಇಲ್ಲಿರೋದು ಒಂದೇ ಔಷಧಿ ಅಂಗಡಿ, ಅದರ ಗಲ್ಲಾಪೆಟ್ಟಿಗೆ ಮುಂದೆ ಕೂರೋನು ಅವಳ ಮೈದುನ.

ಅವಳಿಗೆ ನಾನೇನು ಹೇಳಲಿ? ನಿಂತ ಕಾಲಲ್ಲೇ ಒಂಬತ್ತು ತಿಂಗಳು ಹೊತ್ತು ಯಂತ್ರ ನಡೆಸು, ಆಮೇಲೆ ಹೆತ್ತು ನಮ್ಮಮ್ಮನ ಬೆಂಚಿನ ಮೇಲೆ ಕೂತವರಿಗೆ ಕೊಡು ಅಂತಲಾ? ಇದು ಬಸ್ಸಿನ ದೂರವಾ ಅಮ್ಮಾ?

ಇನ್ನೊಂದು. ನಿನ್ನ ಬೆಂಚಿನವರು ಬಂದಿರೋದು ಕೂಸಿಗಾಗಿ, ಬೆಳೆದ ಮಕ್ಕಳಿಗಲ್ಲ. ಕಳೆದ ಸಲ ಬಂದಾಗ ಅಂಗಳದಲ್ಲಿ ಆಡ್ತಿದ್ದವರನ್ನು ನಾನೂ ನೋಡಿದೆ. ಮೀಸೆ ಚಿಗುರುತ್ತಿರೋ ಹುಡುಗರು, ಕಾಲು ಎಳೆದುಕೊಂಡು ನಡೆಯೋ ಹುಡುಗಿ, ಮತ್ತೆ ಎಲ್ಲರೂ ರೇಡಿಯೋ ಅಂತ ಕರೆಯೋ ಆ ಮಾತಿನಮಲ್ಲಿ, ಅವಳ ಇಬ್ಬರು ತಮ್ಮಂದಿರು. ಇವರ ಫೋಟೋ ಯಾಕೆ ಪೇಪರಿನಲ್ಲಿ ಬರಲಿಲ್ಲ? ಇವರು ಯಾರ ಉತ್ತರ?

ನನ್ನದೇ ಮಗುವಿನ ಮಾತು ಎತ್ತಿದೆಯಲ್ಲ, ಅದಕ್ಕೂ ಹೇಳಿಬಿಡ್ತೀನಿ. ನನಗೆ ಮಗು ಬೇಡ. ಆ ಕಪಾಟಿನಿಂದ ಒಂದು ಕಾಪರ್ ಟಿ ನನ್ನ ಪಾಲಿಗೂ ಬಂದಿದೆ. ಡಾಕ್ಟರಮ್ಮ ಹಾಕಿದರು, ನಾನು ಎದ್ದು ಕೈ ತೊಳೆದು ಕೆಲಸಕ್ಕೆ ಕೂತೆ. ನನಗೇನೂ ಕೊರತೆಯಾಗಿಲ್ಲ. ಊಟ ಸರಿಯಾಗಿ ಮಾಡ್ತಿದೀನಿ.

ನಿನ್ನ ಮಗಳು

---

ಮಾರ್ಚ್ ೨೩

ಪುಟ್ಟೀ,

ಉತ್ತರ ತಡವಾಯಿತು. ನಿನ್ನ ಕೊನೆಯ ಮಾತುಗಳನ್ನು ಮತ್ತೆ ಮತ್ತೆ ಓದಿ ಮಡಚಿಟ್ಟೆ. ಹಾಗಂತ ಒಪ್ಪಿದೆ ಅಂದುಕೊಳ್ಳಬೇಡ.

ಪ್ರಸ್ತಾಪ ಪಾಸಾಯಿತು. ಕಂಟ್ರಾಕ್ಟರು ನನಗೆ ಶಾಲು ಹೊದಿಸಿದರು. ಸೆಕೆ.

ರೇಡಿಯೋ ವಿಷಯ ಕೇಳಿದೆಯಲ್ಲ. ಅವಳಿಗೆ ಆ ಹೆಸರಿಟ್ಟವರು ಯಾರೋ, ಸರಿಯಾಗೇ ಇಟ್ಟಿದಾರೆ. ಹೋದ ವಾರ ಒಂದು ಜೋಡಿ ಬಂತು. ಒಳ್ಳೆಯ ಜನ. ಚಿಕ್ಕ ತಮ್ಮನನ್ನು ನೋಡಿ ಆಕೆ ಕಣ್ಣೊರೆಸಿಕೊಂಡಳು. ರೇಡಿಯೋ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು. 'ಬಿಡಿಬಿಡಿಯಾಗಿ ಕೊಡಲ್ಲ. ತಗೊಂಡರೆ ಮೂವರನ್ನೂ ತಗೊಳ್ಳಿ. ನಾನು ಅನ್ನ ಮಾಡ್ತೀನಿ, ಜಾಸ್ತಿ ಮಾತಾಡಲ್ಲ' ಅಂದಳು. ಜಾಸ್ತಿ ಮಾತಾಡಲ್ಲ ಅಂತ ಅವಳು ಹೇಳಿದ್ದು ಬಹಳ ಹೊತ್ತು ನಡೆಯಿತು. ಅವರು ಯೋಚಿಸ್ತೀವಿ ಅಂತ ಹೋದರು.

ಹೋದವರು ಹೋದರು. ಆದರೆ ಒಂದು ಮಗುವಿಗೆ ಮನೆ ಸಿಗಲಿಲ್ಲ ಅಂತ ಮಕ್ಕಳ ಮನೆಯ ಬಾಗಿಲನ್ನೇ ಮುಚ್ಚಬೇಕಾ? ಹಣ ಬಂದರೆ ಹೊಸ ಕೋಣೆ, ಟೀಚರು, ಕಾಲೆಳೆಯುವವಳಿಗೆ ಆಪರೇಷನ್ನು. ಇವರಿಗೋಸ್ಕರವೇ ನಾನು ಆ ವೇದಿಕೆ ಹತ್ತಿದ್ದು. ಈಗ ಹೇಳು, ನನ್ನ ಸ್ವಾರ್ಥ ಎಲ್ಲಿದೆ?

ಅಮ್ಮ

---

ಜೂನ್ ೨೧

ಅಮ್ಮಾ,

ಜಗಳ ಮುಂದುವರಿಸೋಕೆ ಬರೀತಿಲ್ಲ. ಒಂದು ಕೆಲಸಕ್ಕೆ ಬರೀತಿದೀನಿ.

ಏಪ್ರಿಲ್ ಹುಟ್ಟುತ್ತಲೇ ಕಪಾಟು ಖಾಲಿ. ಬಾಗಿಲಿಗೆ 'ದಾಸ್ತಾನು ಇಲ್ಲ' ಅಂತ ಚೀಟಿ ಅಂಟಿಸು ಅಂತ ಮೇಲಿನಿಂದ ಆಜ್ಞೆ ಬಂತು. ನಾನು 'ಮಂಡಳಿ ಕೊಡುತ್ತಿಲ್ಲ' ಅಂತ ಅಂಟಿಸಿದೆ. ಅದಕ್ಕೊಂದು ನೋಟಿಸು ಸಿಕ್ಕಿದೆ. ಚೀಟಿ ಇನ್ನೂ ಹಾಗೇ ಇದೆ.

ನೂಲಿನವಳು ಬಸಿರು.

ನಿನ್ನೆ ಬಂದು ಬೆಂಚಿನ ಮೇಲೆ ಕೂತಳು. ನಗಲಿಲ್ಲ. ತೆಗೆಸೋ ಮಾತು ನಾನೇ ಎತ್ತಿದೆ. 'ನನ್ನ ತಂಗಿ ಆ ಟೇಬಲ್ಲಿನ ಮೇಲಿಂದ ಏಳಲಿಲ್ಲ ಸಿಸ್ಟರೇ. ನಾನೂ ಅಲ್ಲಿ ಮಲಗಲ್ಲ' ಅಂದಳು. ಆಸ್ಪತ್ರೆ ಬೇರೆ, ಆ ಕಾಲ ಬೇರೆ ಅಂತ ಎಷ್ಟು ಹೇಳಿದರೂ ತಲೆ ಆಡಿಸಿಬಿಟ್ಟಳು. ಆಮೇಲೆ, 'ನಿಮ್ಮಮ್ಮ ತಗೊಳ್ತಾರಂತಲ್ಲ, ಪೇಪರಲ್ಲಿ ಬಂದದ್ದನ್ನ ಯಾರೋ ಓದಿ ಹೇಳಿದರು. ಅವರಿಗೇ ಕೊಡ್ತೀನಿ' ಅಂದಳು.

ನಾನು ಬೇಕು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವಳ ಮೈ, ಅವಳ ಮಾತು. ಹೊಟ್ಟೆ ಕಾಣಿಸೋಕೆ ಶುರುವಾದರೆ ಗಿರಣಿಯವರು ಮನೆಗೆ ಕಳಿಸ್ತಾರೆ. ಆಗ ಅವಳನ್ನು ಇಟ್ಟುಕೊಳ್ತೀಯಾ?

ನಿನ್ನ ಮಗಳು

---

ಜುಲೈ ೧

ಪುಟ್ಟೀ,

ಇದೂ ಒಂದು ಪ್ರಶ್ನೆಯಾ? ಕಳಿಸು. ಹಿಂದಿನ ಕೋಣೆ ಸುಣ್ಣ ಹೊಡೆಸಿ ಇಡ್ತೀನಿ. ಊಟ, ಡಾಕ್ಟರು, ಹೆರಿಗೆ ಎಲ್ಲ ನಮ್ಮದು. ಅವಳ ಮಕ್ಕಳನ್ನು ಯಾರು ನೋಡಿಕೊಳ್ತಾರೆ ಅಂತ ಕೇಳಿ ಬರಿ.

ನನ್ನ ಮನಸ್ಸಿನಲ್ಲಿ ಒಂದು ಜೋಡಿ ಇದೆ. ಆಕೆ ಲೈಬ್ರರಿಯಲ್ಲಿ ಕೆಲಸ, ಆತ ಬೇಕರಿಯವನು. ಪ್ರತಿ ತಿಂಗಳೂ ಬಂದು ಸುಮ್ಮನೆ ಕೂತು ಹೋಗ್ತಾರೆ. ಅವರಿಗೆ ಈಗಲೇ ಹೇಳಲ್ಲ.

ನೋಡಿದೆಯಾ, ನಾನು ಹೇಳಿದ್ದು ಹೀಗೇ. ಇಷ್ಟು ಸರಳ.

ಅಮ್ಮ

---

ಫೆಬ್ರವರಿ ೧೮

ಪುಟ್ಟೀ,

ನೀನು ಫೋನ್ ಮಾಡಿದಾಗೆಲ್ಲ ವಾರ್ಡನ್ ಕೈಗೆ ಕೊಟ್ಟುಬಿಟ್ಟೆ. ನಡೆದದ್ದನ್ನು ಬಾಯಲ್ಲಿ ಹೇಳೋಕೆ ಬರಲಿಲ್ಲ. ಬರೀತೀನಿ, ಸಾವಧಾನವಾಗಿ ಓದು.

ನೂಲಿನವಳು ಮಕ್ಕಳನ್ನು ನೆರೆಮನೆಯವಳಿಗೆ ಒಪ್ಪಿಸಿ ಇಲ್ಲಿ ಇಷ್ಟು ತಿಂಗಳು ಇದ್ದಳಲ್ಲ, ನಮ್ಮ ಮನೆಯ ಹುಡುಗರೆಲ್ಲ ಅವಳ ಹಿಂದೆ. ಹರಿದ ಚಡ್ಡಿ ಹೊಲಿದಳು, ಹೇನು ತೆಗೆದಳು. ರೇಡಿಯೋಗೆ ಸರಿಸಮನಾಗಿ ಮಾತಾಡಬಲ್ಲ ಇನ್ನೊಂದು ಜೀವ ಈ ಕಟ್ಟಡದಲ್ಲಿ ಇದ್ದದ್ದು ಅದೊಂದೇ. ಹೆರಿಗೆ ಸಲೀಸಾಯಿತು. ಹೆಣ್ಣು. ಕಪ್ಪು ಕೂದಲು, ಸಿಟ್ಟಿನ ಹುಬ್ಬು.

ಕಾನೂನಿನ ಪ್ರಕಾರ ತಾಯಿಗೆ ಯೋಚಿಸಲು ಕಾಲಾವಕಾಶ ಕೊಡಬೇಕು. ಕೊಟ್ಟೆವು. ಅವಳು ಮತ್ತೆ ಮತ್ತೆ 'ಕೊಡ್ತೀನಿ ಅಂದಿದ್ದೀನಲ್ಲ ಮೇಡಂ, ಇನ್ನೇನು?' ಅಂತಲೇ ಅಂದಳು. ಸೋಮವಾರ ಲೈಬ್ರರಿಯವಳನ್ನೂ ಬೇಕರಿಯವನನ್ನೂ ಕರೆಸಿದೆ. ಅವನು ಹೊಸ ಕಂಬಳಿ ತಂದಿದ್ದ, ಅದರ ಬೆಲೆಯ ಚೀಟಿ ಕೀಳೋದು ಮರೆತಿದ್ದ. ಆಕೆ ವರಾಂಡದಲ್ಲಿ ನಿಂತು ಕೈ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ತಿದ್ದಳು, ಮಗುವಿಗೆ ತಣ್ಣಗೆ ತಾಗಬಾರದು ಅಂತ.

ಕೂಸನ್ನು ತರಲು ನಾನೇ ಒಳಗೆ ಹೋದೆ. ಇಷ್ಟು ವರ್ಷ ಆ ಕೆಲಸ ವಾರ್ಡನ್ನಿನದು. ನಾನು ಯಾವಾಗಲೂ ವರಾಂಡದ ಕಡೆಯವಳು. ಅಳುವವರು, ನಗುವವರು, ತಗೊಳ್ಳುವವರು, ಎಲ್ಲರನ್ನೂ ಅಲ್ಲೇ ನೋಡಿದ್ದೆ. ಒಳಗೆ ಏನು ನಡೆಯುತ್ತೆ ಅಂತ ನೋಡಿದವಳಲ್ಲ.

ಅವಳು ಮಗುವಿಗೆ ಹಾಲು ಕುಡಿಸಿ, ಮುಖ ಒರೆಸಿ, ಬಟ್ಟೆ ಸುತ್ತಿ ಸಿದ್ಧ ಮಾಡಿ ಇಟ್ಟುಕೊಂಡಿದ್ದಳು. ಕೈ ಚಾಚಿದಳು. ನಾನೂ ಚಾಚಿದೆ. ಕೂಸು ನನ್ನ ಕೈಗೆ ಬಂತು, ಅವಳ ಕೈ ಬಿಡಲಿಲ್ಲ. ಇಬ್ಬರೂ ಹಾಗೇ ಹಿಡಿದುಕೊಂಡು ನಿಂತೆವು.

'ಬಿಡಮ್ಮಾ' ಅಂದೆ.

'ಬಿಡ್ತೀನಿ' ಅಂದಳು. ಬಿಡಲಿಲ್ಲ.

'ನೀನೇ ಬೇಡ ಅಂದದ್ದಲ್ವಾ?' ಅಂದೆ. ನನ್ನ ಸ್ವರ ಹೇಗಿರುತ್ತೆ ಅಂತ ನಿನಗೆ ಗೊತ್ತು.

ಆಗ ಅವಳು ತಲೆಯೆತ್ತಿ, 'ನಾನು ಬೇಡ ಅಂದದ್ದು ಬಸಿರನ್ನ ಮೇಡಂ, ಇವಳನ್ನಲ್ಲ. ಆಗ ಇವಳು ಇರಲೇ ಇಲ್ಲ. ಈಗ ಇದ್ದಾಳೆ. ಇರೋಳನ್ನ ಹ್ಯಾಗೆ ಬೇಡ ಅನ್ನಲಿ? ನನ್ನ ಕೈಲಾಗಲ್ಲ, ಬೇಕಾದರೆ ಪೊಲೀಸರನ್ನ ಕರೀರಿ' ಅಂದಳು.

ನಾನು ಕೈ ಬಿಟ್ಟೆ.

ವರಾಂಡಕ್ಕೆ ಹೋಗಿ ಹೇಳಬೇಕಾದವಳೂ ನಾನೇ. ಲೈಬ್ರರಿಯವಳು ನನ್ನ ಖಾಲಿ ಕೈ ನೋಡಿದಳು. ಬೇಕರಿಯವನು, 'ಕಂಬಳಿ ಅವರಿಗೇ ಕೊಟ್ಟುಬಿಡಿ, ಚಳಿ ಇದೆ' ಅಂದ. ಅವರಿಬ್ಬರೂ ಗೇಟು ದಾಟುವವರೆಗೂ ನೋಡ್ತಾ ನಿಂತೆ. ಆ ಗೇಟಿನಿಂದ ನಾನೂ ನಿನ್ನ ಅಪ್ಪನೂ ಎಷ್ಟು ಸಲ ಹಾಗೆ ಹೊರಗೆ ಹೋಗಿದ್ದೆವು!

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಅಂತ ಗೊತ್ತಾಗದೆ ಈ ಪತ್ರ ಬರೀತಿದೀನಿ. ಅವಳನ್ನೂ ಕೂಸನ್ನೂ ನಾಳೆ ಬಸ್ಸಿಗೆ ಹತ್ತಿಸ್ತೀನಿ. ನೀನು ಇಳಿಸಿಕೋ.

ಅಮ್ಮ

---

ಮಾರ್ಚ್ ೩

ಅಮ್ಮಾ,

ಇಳಿಸಿಕೊಂಡೆ. ಕಂಬಳಿ ಚೆನ್ನಾಗಿದೆ.

ನೀನು ಖುಷಿಪಡಲಿ ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲ್ಲ. ನೂಲಿನವಳು ಗಿರಣಿಗೆ ವಾಪಸ್ ಹೋಗ್ತಿದ್ದಾಳೆ, ಹೋಗದಿದ್ದರೆ ಒಲೆ ಹತ್ತಲ್ಲ. ಕೂಸನ್ನು ನೋಡಿಕೊಳ್ಳೋದು ದೊಡ್ಡ ಮಗಳು. ಹೌದು, ಲೆಕ್ಕದಲ್ಲಿ ತರಗತಿಗೇ ಮುಂದು ಇದ್ದಳಲ್ಲ, ಅವಳೇ. ಶಾಲೆ ಬಿಟ್ಟಳು. ನಿನ್ನೆ ಅವರ ಮನೆಗೆ ಹೋಗಿದ್ದೆ. ಒಂದು ಕೈಯಲ್ಲಿ ತೊಟ್ಟಿಲು ತೂಗ್ತಾ, ಇನ್ನೊಂದು ಕೈಯಲ್ಲಿ ಸಣ್ಣ ತಮ್ಮನಿಗೆ ಉಣ್ಣಿಸ್ತಿದ್ದಳು. 'ಸ್ಕೂಲು?' ಅಂದೆ. 'ಪಾಪು ನಡೆಯೋ ಹಾಗಾದಮೇಲೆ' ಅಂದಳು. ಹಾಗೆ ಹೇಳಿ ಹೋದ ಹುಡುಗಿಯರು ಯಾರಾದರೂ ವಾಪಸ್ ಬಂದದ್ದನ್ನ ನಿನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ನೋಡಿದ್ದೀಯಾ? ನೀನೇ ಹೇಳು, ಶಾಲೆಯ ಹೆಡ್ ಮೇಡಂ ಆಗಿದ್ದವಳು ನೀನು.

ಆ ಮಗುವನ್ನು ಯಾರೂ ದೂರುತ್ತಿಲ್ಲ. ಅವಳು ಎಲ್ಲರ ಕಣ್ಮಣಿ. ಅದೇ ಕಷ್ಟ. ಹುಟ್ಟಿದಮೇಲೆ ಪ್ರೀತಿ ತಾನಾಗಿ ಬರುತ್ತೆ ಅನ್ನೋ ಧೈರ್ಯದ ಮೇಲೆ ನಿಮ್ಮ ಮಂಡಳಿ ಈ ಆಟ ಹೂಡಿದೆ.

ಇದೇ ತಿಂಗಳು ಸಭೆ. ಒಂದು ವರ್ಷದ್ದನ್ನು ಶಾಶ್ವತ ಮಾಡ್ತಾರಂತೆ. ನೌಕರರು ಮಾತಾಡಬಾರದು ಅಂತ ಸುತ್ತೋಲೆ ಬಂದಿದೆ. ನನಗೆ ಬಾಯಿಲ್ಲ. ನಿನಗಿದೆ.

ನಿನ್ನ ಮಗಳು

---

ಮಾರ್ಚ್ ೧೪

ಪುಟ್ಟೀ,

ಸಭೆ ಮುಗಿಸಿ ಬಂದೆ. ಚಪ್ಪಲಿ ಕೂಡ ಬಿಚ್ಚದೆ ಬರೀತಿದೀನಿ.

ಕಂಟ್ರಾಕ್ಟರು ನನ್ನನ್ನು ಮೊದಲು ಕರೆದರು. ನಿನ್ನ ಆ ಫೋಟೋನ ದೊಡ್ಡದು ಮಾಡಿಸಿ ಹಿಂದೆ ನೇತುಹಾಕಿದ್ದರು. 'ಮೊದಲು ಅದನ್ನು ಇಳಿಸಿ. ಅವಳನ್ನು ಕೇಳಿಲ್ಲ' ಅಂದೆ. ಒಬ್ಬ ಸ್ಟೂಲು ತಂದು ಹತ್ತಿ ಇಳಿಸುವವರೆಗೂ ಮೈಕಿನ ಮುಂದೆ ಸುಮ್ಮನೆ ನಿಂತೆ. ಆಮೇಲೆ ನೂಲಿನವಳ ವಿಷಯ ಹೇಳಿದೆ. ಅವಳ ದೊಡ್ಡ ಮಗಳ ವಿಷಯ ಹೇಳಿದೆ. ರೇಡಿಯೋ ಮತ್ತು ಅವಳ ತಮ್ಮಂದಿರ ವಿಷಯ ಹೇಳಿದೆ. ಮಕ್ಕಳ ಮನೆಗೆ ಹಣ ಬೇಕು, ಖಂಡಿತ ಬೇಕು, ಕೊಡಿ. ಆದರೆ ಹೆಂಗಸರ ಕಪಾಟಿನಿಂದ ತೆಗೆದು ಕೊಡಬೇಡಿ ಅಂದೆ. ಮಕ್ಕಳ ಮನೆ ಇರೋದು ಮನೆ ಕಳಕೊಂಡ ಮಕ್ಕಳಿಗೆ. ಅದನ್ನು ತುಂಬಿಸೋಕೆ ಅಂತ ಮಕ್ಕಳನ್ನು ಹುಟ್ಟಿಸುವ ಏರ್ಪಾಡಿನಲ್ಲಿ ನಾನಿಲ್ಲ ಅಂದೆ.

ಕಂಟ್ರಾಕ್ಟರು ನಕ್ಕರು. 'ಮೇಡಂ, ಹೋದ ವರ್ಷ ನೀವೇ ಹೇಳಿದ್ದು. ನಿಮ್ಮ ಮಗಳನ್ನ ಹೆತ್ತವಳು ಮಾತ್ರೆ ನುಂಗಿದ್ದರೆ?'

ಸುಳ್ಳು ಹೇಳಲ್ಲ ಪುಟ್ಟೀ. ಆ ತೊಟ್ಟಿಲು ಖಾಲಿ ಇರುವುದನ್ನು ಒಂದು ಗಳಿಗೆ ಕಣ್ಣಾರೆ ಕಂಡೆ.

'ಆಗ ನನಗೆ ಮಗಳಿರುತ್ತಿರಲಿಲ್ಲ. ಆ ನಷ್ಟ ನನ್ನದು. ಅದನ್ನು ತುಂಬಿಕೊಡೋದು ಊರಿನ ಹೆಂಗಸರ ಕೆಲಸವಲ್ಲ' ಅಂದೆ.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ತಿರುಗಿ ನೋಡಿದರೆ ಲೈಬ್ರರಿಯವಳು. ಒಬ್ಬಳೇ. ಅಳ್ತಾ ಹೊಡೀತಿದ್ದಳು.

ಶಾಶ್ವತ ಮಾಡುವ ಠರಾವು ಬಿದ್ದುಹೋಯಿತು. ಕೆಲವೇ ಮತಗಳ ಅಂತರದಲ್ಲಿ ಬಿತ್ತು. ನಿಮ್ಮ ಗಿರಣಿ ಊರಿಗೆ ಏಪ್ರಿಲ್‌ನಿಂದ ದಾಸ್ತಾನು ಬರುತ್ತೆ. ಗುಡ್ಡದ ಕಡೆಯ ಕ್ಲಿನಿಕ್ಕುಗಳಿಗೆ ಇನ್ನೂ ಇಲ್ಲ, 'ಪರಿಶೀಲನೆ'ಯಂತೆ. ಬಾಗಿಲ ಬಳಿ ಕಂಟ್ರಾಕ್ಟರು, 'ನೀವು ರಾಜೀನಾಮೆ ಕೊಡೋದು ಒಳ್ಳೇದು' ಅಂದರು. 'ಕೊಡಲ್ಲ. ಕೈಲಾದರೆ ತೆಗೀರಿ' ಅಂದೆ. ತೆಗೀತಾರೆ ಬಿಡು. ಅಲ್ಲಿಯವರೆಗೆ ಕಾಲೆಳೆಯುವವಳ ಆಪರೇಷನ್ನು ಮುಗಿಸಿಬಿಡ್ತೀನಿ.

ನಿನಗೆ ಮಗು ಬೇಡ ಅನ್ನೋದು ನನಗೆ ಇನ್ನೂ ನುಂಗೋಕೆ ಆಗಿಲ್ಲ. ಆದರೆ ಅದು ನನ್ನ ಗಂಟಲಿನ ಪಾಡು, ನಿನ್ನದಲ್ಲ.

ಅಮ್ಮ

---

ಏಪ್ರಿಲ್ ೧೦

ಅಮ್ಮಾ,

ನಿನ್ನ ಪತ್ರವನ್ನು ಕಾಂಪೌಂಡರಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಾನೂ ಹೋಗಬೇಕಾಗಿತ್ತು, ನಲ್ಲಿ ಒಂದೇ ಇರೋದು.

ನಿನ್ನೆ ದಾಸ್ತಾನು ಬಂತು. ಸುದ್ದಿ ಹೇಗೆ ಹಬ್ಬಿತೋ, ಬೆಳಗಿನ ಪಾಳಿ ಬಿಡುವ ಹೊತ್ತಿಗೆ ನಮ್ಮ ಮೆಟ್ಟಿಲಿನಿಂದ ಸೈಕಲ್ ರಿಪೇರಿ ಅಂಗಡಿ ದಾಟಿ ಹೆಂಗಸರು ನಿಂತಿದ್ದರು. ಮೊನ್ನೆ ಮದುವೆಯಾದ ಹುಡುಗಿಯೊಬ್ಬಳು ಕಿವಿಯ ಹತ್ತಿರ ಬಗ್ಗಿ, 'ನಮ್ಮ ಮನೆಯವರ ಸಹಿ ಬೇಕಾ?' ಅಂತ ಕೇಳಿದಳು. 'ಯಾರ ಸಹಿನೂ ಬೇಡ' ಅಂದೆ. ಅವಳು ಅಲ್ಲೇ ಪಕ್ಕದವಳಿಗೆ ಜೋರಾಗಿ ಹೇಳಿದಳು. ಅದು ಸಾಲಿನ ಕೊನೆಯವರೆಗೂ ಹೋಯಿತು.

ಗುಡ್ಡದ ಕಡೆಯ ಸಿಸ್ಟರುಗಳಿಗೆ ಕಾಗದ ಬರೆದಿದೀನಿ. ಮುಂದಿನ ಸಭೆಗೆ ಅವರ ಊರಿನ ಹೆಂಗಸರೇ ಹೋಗ್ತಾರೆ, ನಾವಲ್ಲ. ಅವರಿಗೆ ಮೈಕಿನ ಮುಂದೆ ನಿಲ್ಲೋದು ಕಲಿಸೋಕೆ ಯಾರಾದರೂ ಬೇಕು. ಸಂಬಳವಿಲ್ಲ, ಊಟ ಕೊಡ್ತೀನಿ. ನೂಲಿನವಳ ಮಗಳು ವಾರದಲ್ಲಿ ಎರಡು ದಿನ ಕೂಸನ್ನು ಎತ್ತಿಕೊಂಡೇ ಶಾಲೆಗೆ ಹೋಗ್ತಿದ್ದಾಳೆ. ಅವಳ ಟೀಚರು ಆಗಲ್ಲ ಅಂತಿದ್ದಾರೆ. ಅವರ ಹತ್ತಿರ ಮಾತಾಡೋಕೂ ನಿನ್ನ ಸ್ವರ ಬೇಕಾಗಿದೆ.

ಮಧ್ಯಾಹ್ನ ಕಂಟ್ರಾಕ್ಟರು ಬಂದಿದ್ದರು, ತಪಾಸಣೆಗಂತೆ. ಸಾಲಿನಲ್ಲಿ ನೂಲಿನವಳನ್ನು ನೋಡಿದರು. ಕೂಸು ಅವಳ ಹೆಗಲ ಮೇಲೆ ಕಣ್ಣರಳಿಸಿಕೊಂಡು ಇತ್ತು. ಕಂಟ್ರಾಕ್ಟರು ಅದರ ಕೆನ್ನೆ ತಟ್ಟಿ, ನನಗೂ ಕೇಳಲಿ ಅಂತ ಜೋರಾಗಿ, 'ನೋಡಮ್ಮಾ, ಎಂಥ ಚಿನ್ನದಂಥ ಮಗು! ಆವತ್ತು ಮಾತ್ರೆ ಸಿಕ್ಕಿದ್ದರೆ ಇವಳು ಎಲ್ಲಿರ್ತಿದ್ದಳು?' ಅಂದರು.

ನೂಲಿನವಳು ನಕ್ಕಳು. ಹಳೇ ನಗು, ಇಡೀ ವರಾಂಡಕ್ಕೆ ಕೇಳಿಸಿತು.

'ಚಿನ್ನವೇ ಸ್ವಾಮಿ. ಅದಕ್ಕೇ ಇವಳ ಪಾಲಿನ ಹಾಲು ಇವಳಿಗೇ ಇರಲಿ ಅಂತ ಬಂದಿದೀನಿ. ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಸಾಲು ಇಲ್ಲಿಂದ ಶುರು.'

ಬೇಗ ಬಾ.

ನಿನ್ನ ಮಗಳು